ಒಂದು ಗ್ರಾಫಿಕ್ಸ್ ಕಾರ್ಡಿನ ಮರಣ ತನಿಖೆ

“ಭಾನುವಾರ ನೀವು ಅದನ್ನ ಬಿಚ್ಚಿ ಧೂಳು ಹೊಡೆಯೋವರೆಗೂ ಚೆನ್ನಾಗೇ ಇತ್ತಲ್ವಾ?”

ಹೆಂಡತಿ ಈ ಪ್ರಶ್ನೆ ಕೇಳಿದ್ದು ಪುರಾವೆ ಮೇಷ್ಟ್ರನ್ನು. ಇಪ್ಪತ್ತೆರಡು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು, ಯಾರು ಏನೇ ಅಂದರೂ ‘ಪುರಾವೆ?’ ಎಂದು ಕೇಳಿ ಕೇಳಿ ಆ ಹೆಸರನ್ನೇ ಸಂಪಾದಿಸಿಕೊಂಡವರು ಅವರು. ಆದ್ದರಿಂದ ಉತ್ತರದ ಬದಲಿಗೆ ಒಂದು ತತ್ತ್ವವನ್ನು ದಯಪಾಲಿಸಿದರು: ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆನ್ನಲಾಗದು. (ತತ್ತ್ವವೇನೋ ನಿಜವಾದದ್ದೇ. ಗಂಡಂದಿರಿಗೆ ಇಷ್ಟು ಉಪಕಾರ ಮಾಡಿದ ತತ್ತ್ವ ಮತ್ತೊಂದಿಲ್ಲ.)

ಹಾಸಿಗೆ ಹಿಡಿದಿದ್ದದ್ದು ಹೆಂಡತಿಯ ಕಂಪ್ಯೂಟರಿನಲ್ಲಿ ಪರದೆಗೆ ಚಿತ್ರ ಒದಗಿಸುವ ಗ್ರಾಫಿಕ್ಸ್ ಕಾರ್ಡ್. ಇನ್ನೂ ಕಟ್ಟದ ಕಟ್ಟಡಗಳ ಒಳಗೆ ಬೆಳಕು ಎಲ್ಲಿಂದ ಬೀಳುತ್ತದೆ, ಕುರ್ಚಿ ಎಲ್ಲಿ ಕೂರುತ್ತದೆ ಎಂದು ಚಿತ್ರ ಬಿಡಿಸಿ ತೋರಿಸುವುದು ಆಕೆಯ ಕಸುಬು. ಕಚೇರಿ ಬಿಟ್ಟು ಸ್ವಂತ ಹೆಸರಿನಲ್ಲಿ ಹಿಡಿದ ಮೊದಲ ಕೆಲಸ, ಒಂದು ಗ್ರಂಥಾಲಯದ ಒಳಾಂಗಣ, ಶುಕ್ರವಾರ ಮಧ್ಯಾಹ್ನದೊಳಗೆ ತಲುಪಬೇಕಿತ್ತು. ತಪ್ಪಿದರೆ ಅದು ಆಕೆ ಬಿಟ್ಟುಬಂದ ಕಚೇರಿಗೇ ಹೋಗುತ್ತಿತ್ತು. ಸೋಮವಾರ ಬೆಳಿಗ್ಗೆ ಚಿತ್ರವನ್ನು ಒಮ್ಮೆ ತಿರುಗಿಸಿ ನೋಡುವಷ್ಟರಲ್ಲಿ ಪರದೆಯ ತುಂಬ ಹಸಿರು ಗೆರೆಗಳೆದ್ದು ಕತ್ತಲಾಯಿತು. ಮತ್ತೆ ಚಾಲೂ ಮಾಡಿದರೆ ಹತ್ತು ನಿಮಿಷ ಜೀವ, ಮತ್ತೆ ಕತ್ತಲು.

ರಿಪೇರಿಯವನನ್ನು ಕರೆಯೋಣವೆಂದಳು ಆಕೆ. ಮೇಷ್ಟ್ರು ಕೈ ಅಡ್ಡ ಹಿಡಿದರು. “ಕಾರಣ ಗೊತ್ತಾಗದೆ ಹೊಸ ಕಾರ್ಡ್ ಹಾಕಿದ್ರೆ ಅದೂ ಸಾಯುತ್ತೆ. ಮೊದಲು ಮೂಲ ಹುಡುಕೋಣ.”

ಮೂಲ ಶೋಧನೆ ಆರಂಭವಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಮೇಷ್ಟ್ರ ಶಪಥ. ವಿದ್ಯುತ್ತಿನ ಏರಿಳಿತದ ಶಂಕೆಯಿಂದ ಫ್ರಿಜ್ಜು ಆರಿಸಿದರು; ಕಾರ್ಡು ಬದುಕಲಿಲ್ಲ, ಹಾಲು ಮಾತ್ರ ಒಡೆಯಿತು. ಮರುದಿನ ಸಂಶಯ ಮಾವನ ಹೊಲಿಗೆ ಯಂತ್ರದ ಮೇಲೆ ತಿರುಗಿತು. ಮಾವನೆಂದರೆ ಹೆಂಡತಿಯ ತಂದೆ. ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿ, ಈಗ ಮಗಳ ಮನೆಯ ದಿಂಬುಗಳಿಗೆ ಅಂಗಿ ಹೊಲಿಯುತ್ತಿದ್ದವರು. ಯಂತ್ರ ನಿಂತಿತು. ಆಗಲೂ ಫಲವಿಲ್ಲವೆಂದಾಗ, ಮೊದಲ ಸಲ ಪರದೆ ಆರಿದ ಗಳಿಗೆಯನ್ನು ಮರುಸೃಷ್ಟಿಸಲು ಮಾವನಿಗೆ ಅದೇ ಅಂಗಿ ತೊಡಿಸಿ ಅದೇ ಕುರ್ಚಿಯಲ್ಲಿ ಕೂರಿಸಲಾಯಿತು. ಅವರು ಕೆಮ್ಮಬಹುದೇ ಎಂದು ಅನುಮತಿ ಕೇಳಿದರು. ಸೋಮವಾರ ಕೆಮ್ಮಿರಲಿಲ್ಲವಾದ್ದರಿಂದ ಅನುಮತಿ ಸಿಗಲಿಲ್ಲ.

ಪ್ರತಿ ಪ್ರಯೋಗಕ್ಕೂ ಕಂಪ್ಯೂಟರಿನ ಡಬ್ಬಿ ಬಿಚ್ಚುವುದು, ಕಾರ್ಡು ಕೀಳುವುದು, ಮತ್ತೆ ಕೂರಿಸುವುದು. ಬುಧವಾರದ ಹೊತ್ತಿಗೆ ಹನ್ನೊಂದು ಸಲ ಕಿತ್ತಾಗಿತ್ತು. ಹತ್ತು ನಿಮಿಷದ ಜೀವ ಎರಡು ನಿಮಿಷಕ್ಕಿಳಿದಿತ್ತು. ಅಂದು ಹೆಂಡತಿ ಜಗಳವಾಡಲಿಲ್ಲ. ಅಡುಗೆಮನೆಯ ಕಿಟಕಿಯ ಬಳಿ ಕೂತು ಬೀದಿಯನ್ನೇ ನೋಡುತ್ತಿದ್ದಳು. ಮೇಷ್ಟ್ರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ‘ಮನೆಯಲ್ಲಿ ಶಾಂತ ವಾತಾವರಣ’ ಎಂದು ಬರೆದುಕೊಂಡರು.

ಸಂಜೆ ಅರ್ಧ ಗಂಟೆ ಹೊರಗೆ ಅಡ್ಡಾಡಿ ಬಂದ ಮಾವ, ಚಪ್ಪಲಿ ಬಿಟ್ಟವರೇ ನೇರವಾಗಿ ಅಳಿಯನ ಎದುರು ನಿಂತರು.

“ಅಳಿಯಂದ್ರೇ, ಪುಸ್ತಕ ತೆಗೀರಿ. ಭಾನುವಾರ ಸಾಯಂಕಾಲ ಆ ಡಬ್ಬಿ ಮೇಲೆ ನಾನು ಚಹಾ ಚೆಲ್ಲಿದೆ. ಮಗಳು ಬೈತಾಳೆ ಅಂತ ಒರೆಸಿ ಸುಮ್ಮನಾದೆ.”

“ಎಷ್ಟು ಚೆಲ್ಲಿತು, ಮಾವ?”

ಮಾವ ತುಸು ಯೋಚಿಸಿದರು. “ಅರ್ಧ ಲೋಟ ಅಂತ ಬರ್ಕೊಳ್ಳಿ.”

ಎಂಥವರಿಗೂ ಪುರಾವೆ ಕೇಳುತ್ತಿದ್ದ ಮೇಷ್ಟ್ರು ಅಂದೇಕೋ ಕೇಳಲಿಲ್ಲ. ಎದೆಯ ಮೇಲಿದ್ದ ಭಾರವೊಂದು ಇಳಿದಂತಾಗಿ, ಹಿರಿಯರ ಪ್ರಾಮಾಣಿಕತೆಯನ್ನು ಹತ್ತು ನಿಮಿಷ ಕೊಂಡಾಡಿದರು. ಗುರುವಾರ ಬೆಳಿಗ್ಗೆ ರಿಪೇರಿಯವನು ಕಾರ್ಡನ್ನು ತಿರುಗಿಸಿ ನೋಡಿ, ಒಂದು ಗಳಿಗೆ ತಡೆದು, ಚಹಾ ಬಿದ್ದದ್ದು ಹೌದು ಎಂದ. ಮೇಷ್ಟ್ರು ಭೂತಗನ್ನಡಿ ಹಿಡಿದು ಕಾರ್ಡಿಗೆ ಕರೆಂಟು ಕೊಡುವ ಪ್ಲಗ್ಗಿನ ಬುಡದಲ್ಲಿ ಕಂದು ಕಲೆಯನ್ನು ಸ್ವತಃ ಕಂಡರು. ಹಾಲು ಕಡಿಮೆ ಹಾಕಿದ ಚಹಾ ಎಂಬ ತೀರ್ಪನ್ನೂ ಕೊಟ್ಟರು. ರಿಪೇರಿಯವನೇ ಹೊಸ ಕಾರ್ಡ್ ಹಾಕಿಕೊಟ್ಟ. ಶುಕ್ರವಾರ ಹನ್ನೊಂದೂವರೆಗೆ ಗ್ರಂಥಾಲಯ ಹೋಗಬೇಕಾದಲ್ಲಿಗೆ ಹೋಯಿತು.

ಮುಂದಿನ ಆರು ವರ್ಷ, ಮನೆಗೆ ಬಂದವರಿಗೆಲ್ಲ ಮೇಷ್ಟ್ರು ಮಾವನ ಅರ್ಧ ಲೋಟದ ಕಥೆ ಹೇಳಿದರು. ಕಂಪ್ಯೂಟರಿನ ಸುತ್ತ ನೆಲಕ್ಕೆ ಬಿಳಿ ಪಟ್ಟಿ ಅಂಟಿಸಿ, ಅದರೊಳಗೆ ಲೋಟ ತರಕೂಡದೆಂದು ಕಾನೂನು ಮಾಡಿದರು. ಮಾವ ಪಟ್ಟಿಯ ಹೊರಗೆ ನಿಂತೇ ಚಹಾ ಕುಡಿಯುತ್ತ, ಕಥೆಯಲ್ಲಿ ಎಲ್ಲಿ ನಗಬೇಕೋ ಅಲ್ಲಿ ಎಲ್ಲರಿಗಿಂತ ಮೊದಲು ನಗುತ್ತಿದ್ದರು.

ಹೋದ ತಿಂಗಳು ಅವರು ನಿದ್ದೆಯಲ್ಲೇ ತೀರಿಕೊಂಡರು. ಮಾತಾಡಿಸಿಕೊಂಡು ಹೋಗಲು ರಿಪೇರಿಯವನು ಬಂದ. ಕೊಟ್ಟ ಚಹಾ ಲೋಟವನ್ನು ಬಿಳಿ ಪಟ್ಟಿಯ ಹೊರಗೇ ಇಟ್ಟು ಬಾಯಿ ಬಿಟ್ಟ.

“ಆ ಕಾರ್ಡಿಗೆ ಒಂದು ಹನಿ ಚಹಾನೂ ಬಿದ್ದಿರಲಿಲ್ಲ ಸಾರ್. ಬಿಚ್ಚಿ ಮತ್ತೆ ಹಾಕಿದಾಗ ಕರೆಂಟಿನ ಪ್ಲಗ್ಗು ಅರ್ಧ ಮಾತ್ರ ಕೂತಿತ್ತು, ಕಾದು ಕಾದು ಸುಟ್ಟಿತ್ತು. ನೀವು ನೋಡಿದ ಕಲೆ ಅದೇ. ಹಿಂದಿನ ಸಂಜೆನೇ ನಿಮ್ಮ ಮಾವ ಅಂಗಡಿಗೆ ಬಂದು, ಅಪರಾಧಿ ಸಿಗೋವರೆಗೂ ನಮ್ಮ ಅಳಿಯ ಡಬ್ಬಿ ಮುಚ್ಚೋದಿಲ್ಲ, ನಾಳೆ ಬಂದಾಗ ಚಹಾ ಬಿದ್ದಿದೆ ಅಂದುಬಿಡು ಅಂದ್ರು. ಹೊಲಿಗೆ ಅಂಗಡಿಯ ಮೂವತ್ತು ವರ್ಷದಲ್ಲಿ ಅವರು ಒಬ್ಬ ಗಿರಾಕಿಗೂ ನೀವು ದಪ್ಪ ಆಗಿದ್ದೀರಿ ಅಂದಿಲ್ಲವಂತೆ. ನನ್ನ ಅಳತೆ ಟೇಪೇ ಸರಿಯಿಲ್ಲ ಅಂತಿದ್ರಂತೆ.”

ಆಮೇಲಿನ ವರ್ಷಗಳಲ್ಲಿ ಕೆಟ್ಟು, ಮಾವ ತಾನೇ ಕೆಡಿಸಿದೆನೆಂದು ಒಪ್ಪಿಕೊಂಡಿದ್ದ ಮಿಕ್ಸರಿನದೂ ಮೇಜಿನ ಫ್ಯಾನಿನದೂ ಅದೇ ಕಥೆಯೆಂದು ಅವನು ಸೇರಿಸಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ಉಳಿದಿದ್ದ ಒಂದೇ ಹುಲ್ಲುಕಡ್ಡಿಯನ್ನು ಹಿಡಿದುಕೊಂಡರು.

“ಇಸ್ತ್ರಿ ಪೆಟ್ಟಿಗೆ ಮಾತ್ರ ಅವರೇ ಕೆಡಿಸಿದ್ದು. ತಮ್ಮ ಚಿಕ್ಕ ಮಗಳ ಮನೇಲಿದ್ದಾಗ ತಾವೇ ಫೋನ್ ಮಾಡಿ ಒಪ್ಕೊಂಡ್ರಲ್ಲ, ಹೊರಡೋ ಮುಂಚೆ ಅದರ ವೈರು ತಿರುಚಿಬಿಟ್ಟೆ ಅಂತ.”

ಹೆಂಡತಿ ಕಣ್ಣೊರೆಸಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯುವಂತಿರಲಿಲ್ಲ.

“ಆ ಪೆಟ್ಟಿಗೆ ನಾವು ಕೊಂಡಿದ್ದೇ ಅಪ್ಪ ಅಲ್ಲಿಗೆ ಹೋದ ಮಾರನೇ ವಾರ, ಕಣ್ರೀ.”