ಒಂದು ಕಾರ್ಡಿಗೆ ಹನ್ನೆರಡು

ನಮ್ಮ ದೊಡ್ಡಮ್ಮನ ಮನೆ ತುಂಬ ಕಸಿದುಕೊಂಡು ಬಂದ ಮಾಲು ಇತ್ತು ಎಂದರೆ ನೀವು ನಂಬುತ್ತೀರಾ? ನಂಬಬೇಕು. ಯಲಹಂಕ ಹಳೇ ಊರಿನ ಅವರ ಮನೆಯ ಅಟ್ಟದ ಮೇಲೆ ನಾಲ್ಕು ಬಿಸ್ಕತ್ ಡಬ್ಬಗಳಲ್ಲಿ ಅದನ್ನು ಒತ್ತೊತ್ತಾಗಿ ಜೋಡಿಸಿಟ್ಟಿದ್ದರು. ಕಸಿದದ್ದಾದರೂ ಕದ್ದುಮುಚ್ಚಿ ಅಲ್ಲ, ಹಾಡಹಗಲಲ್ಲಿ, ಐವತ್ತು ಜನರ ಕಣ್ಣೆದುರಿಗೆ! ಒಬ್ಬನೇ ಒಬ್ಬ ದೂರು ಕೊಡಲಿಲ್ಲ. ಕೊಡುವುದು ಹೇಗೆ? ಕಸಿದವರು ಗಣಿತದ ಮಿಸ್, ಕಳೆದುಕೊಂಡವರು ಏಳನೇ ಕ್ಲಾಸಿನ ಹುಡುಗರು.

ಮಾಲು ಎಂದರೆ ಕ್ರಿಕೆಟ್ ಕಾರ್ಡುಗಳು. ಆಗ ಬಬಲ್ ಗಮ್ಮಿನ ಪೊಟ್ಟಣದೊಳಗೆ ಒಬ್ಬೊಬ್ಬ ಆಟಗಾರನ ಚಿತ್ರವಿರುವ ಪುಟ್ಟ ಕಾರ್ಡು ಬರುತ್ತಿತ್ತು. ಹಿಂದೆ ಒಂದು ನಂಬರು. ಒಂದರಿಂದ ಐವತ್ತರವರೆಗೆ ಕೂಡಿಸಿದರೆ ಸೆಟ್ಟು ಪೂರ್ತಿ. ಗಮ್ಮು ಯಾರಿಗೆ ಬೇಕಿತ್ತು ಹೇಳಿ? ಅದನ್ನು ನಾಲ್ಕು ದಿನ ಅಗಿದು ಮಂಚದ ಕಾಲಿಗೆ ಅಂಟಿಸುತ್ತಿದ್ದೆವು. ಕಾರ್ಡನ್ನು ಮಾತ್ರ ಗಣಿತದ ಪುಸ್ತಕದೊಳಗೆ ಜೋಪಾನವಾಗಿ ಇಡುತ್ತಿದ್ದೆವು. ಆ ಪುಸ್ತಕ ನಮಗೆ ಬೇರೆ ಯಾವ ಉಪಯೋಗಕ್ಕೂ ಬಂದ ನೆನಪಿಲ್ಲ.

ಇನ್ನು ವ್ಯಾಪಾರ! ಚಿನ್ನದಂಗಡಿಯವರು ಕೂಡ ಅಷ್ಟು ಚೌಕಾಸಿ ನೋಡಿರಲಾರರು. ವೆಸ್ಟ್ ಇಂಡೀಸಿನ ಒಬ್ಬ ವೇಗದ ಬೌಲರಿಗೆ ನಮ್ಮ ಇಬ್ಬರು ಸ್ಪಿನ್ನರುಗಳು, ಮೇಲೆ ಅರ್ಧ ಸೀಬೆಕಾಯಿ. ನಿನ್ನೆ ಸೊನ್ನೆಗೆ ಔಟಾದವನ ಬೆಲೆ ಇವತ್ತು ಅರ್ಧಕ್ಕೆ ಇಳಿಯುತ್ತಿತ್ತು. “ಅದು ನಿನ್ನೆ ರೇಟು ಕಣೋ!” “ಮಾತು ಅಂದ್ರೆ ಮಾತು ಗುರು!” ಎಂದು ಜಗಳ ಶುರುವಾಗುತ್ತಿದ್ದದ್ದು ಸರಿಯಾಗಿ ಗಣಿತದ ಪೀರಿಯಡ್ಡಿನಲ್ಲೇ. ದೊಡ್ಡಮ್ಮ ಸದ್ದಿಲ್ಲದೆ ಬೆಂಚಿನ ಬಳಿ ಬಂದು ಕೈ ಚಾಚುತ್ತಿದ್ದರು. ಕಾರ್ಡು ಅವರ ಕೈಗೆ ಹೋದ ಮೇಲೆ ಅದರ ಹಿಂದೆ ಕೆಂಪು ಬಾಲ್ ಪೆನ್ನಿನಲ್ಲಿ ಹುಡುಗನ ಹೆಸರು, ಕ್ಲಾಸು, ಸೆಕ್ಷನ್ನು, ಅಪರಾಧ ಎಲ್ಲ ದಾಖಲು! ‘ಮಾತು’, ‘ನಗು’, ‘ಜಗಳ’. ಒಂದರ ಮೇಲೆ ‘ಆಕಳಿಕೆ’ ಎಂದು ಕೂಡ ಇತ್ತು.

“ವರ್ಷದ ಕೊನೆಗೆ ಕೊಡ್ತೀನಿ” ಎನ್ನುತ್ತಿದ್ದರು. ಯಾವ ವರ್ಷ ಎಂದು ಹೇಳುತ್ತಿರಲಿಲ್ಲ.

ನಾನು ಅವರ ತಂಗಿಯ ಮಗ. ಸಂಬಂಧಿಕ ಎಂಬ ರಿಯಾಯಿತಿ ಏನಾದರೂ ಇತ್ತೇ? ಇತ್ತು, ಎರಡೇಟು ಹೆಚ್ಚಿಗೆ. ನ್ಯಾಯದ ವಿಷಯದಲ್ಲಿ ಅವರಿಗೆ ನೆಂಟಸ್ತಿಕೆ ಇರಲಿಲ್ಲ. ಜಗತ್ತಿನ ಪ್ರತಿಯೊಂದಕ್ಕೂ ಒಂದೇ ಸರಿಯುತ್ತರ ಇರುತ್ತದೆ ಎಂದು ನಂಬಿದ ಹೆಂಗಸು. ಸಂತೆಯಲ್ಲಿ ಅವರ ಜೊತೆ ಹೋದವರಿಗೆ ಇದು ಚೆನ್ನಾಗಿ ಗೊತ್ತು. ಒಮ್ಮೆ ನಿಂಬೆಹಣ್ಣಿನವನು “ಹತ್ತಕ್ಕೆ ಮೂರು ಅಮ್ಮಾ” ಎಂದ.

“ಹತ್ತನ್ನ ಮೂರರಿಂದ ಭಾಗಿಸಿದ್ರೆ ಶೇಷ ಉಳಿಯತ್ತಲ್ಲಪ್ಪ. ಒಂದಕ್ಕೆ ಎಷ್ಟು ಅಂತ ಹೇಳು.”

“ಒಂದು ಮಾರಲ್ಲ ಅಮ್ಮಾ. ಬೇಕಾದ್ರೆ ಒಂಬತ್ತು ಕೊಡಿ.”

“ಯಾಕೆ, ನಿನಗೆ ನಷ್ಟ ಮಾಡ್ಲಾ? ಹನ್ನೆರಡು ತಗೋ. ಒಂದಕ್ಕೆ ನಾಲ್ಕು. ಈಗ ಸರಿಹೋಯ್ತು!”

ಹತ್ತು ರೂಪಾಯಿಯ ನಿಂಬೆಹಣ್ಣಿಗೆ ಹನ್ನೆರಡು ಕೊಟ್ಟು, ಗೆದ್ದವರಂತೆ ಮನೆಗೆ ಬಂದರು.

ಇಂಥವರು ರಿಟೈರಾಗಿ ಸುಮ್ಮನೆ ಸುಡೋಕು ಬಿಡಿಸಿಕೊಂಡು ಇದ್ದರು. ಎಡವಟ್ಟು ಮಾಡಿದವನು ನಾನು. ಅಟ್ಟ ಸ್ವಚ್ಛ ಮಾಡಿಕೊಡಲು ಹೋದಾಗ ಡಬ್ಬಗಳು ಸಿಕ್ಕವು. ಫೋಟೋ ತೆಗೆದು ನಮ್ಮ ಸ್ಕೂಲಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮುಂದಿನ ಭಾನುವಾರ ಬೆಳಿಗ್ಗೆ ನೋಡುತ್ತೇನೆ, ದೊಡ್ಡಮ್ಮನ ಗೇಟಿನ ಮುಂದೆ ಬೊಕ್ಕತಲೆಗಳ ಸಾಲು! ಎಲ್ಲರೂ ತಂತಮ್ಮ ಬಾಲ್ಯವನ್ನು ವಾಪಸ್ ಕೇಳಲು ಬಂದವರು.

“ಎಷ್ಟು ಕೊಡ್ಬೇಕು ಹೇಳಿ ಮಿಸ್” ಎಂದ ಮೊದಲನೆಯವನು. ಈಗ ಅವನು ಪೊಲೀಸ್ ಸಬ್ ಇನ್ಸ್‌ಪೆಕ್ಟರ್.

ದೊಡ್ಡಮ್ಮ ಕಾರ್ಡು ತಿರುಗಿಸಿ ಓದಿದರು. “ಹತ್ತೊಂಬತ್ತರ ಮಗ್ಗಿ ದಿನ ಮಾತಾಡ್ತಿದ್ದೆ. ಹತ್ತೊಂಬತ್ತರ ಮಗ್ಗಿ ಹೇಳು, ತಗೊಂಡು ಹೋಗು.”

“ಮಿಸ್, ದುಡ್ಡು ಕೊಡ್ತೀನಿ...”

“ದುಡ್ಡು ನನಗೆ ಬರತ್ತೆ ಕಣೋ, ಪೆನ್ಷನ್ನು. ನಿನಗೆ ಮಗ್ಗಿ ಬರತ್ತಾ?”

ಊರಿನ ಪುಂಡರನ್ನು ನಡುಗಿಸುವ ಮನುಷ್ಯ ಕೈಕಟ್ಟಿ ನಿಂತ. ಹತ್ತೊಂಬತ್ತೇಳ್ಲಿ ಎನ್ನುವಾಗ ಬೆವರು ಒರೆಸಿಕೊಂಡ. ಹತ್ತೊಂಬತ್ತೊಂಬತ್ಲಿ ಎಂದವನು ಅಲ್ಲೇ ನಿಂತುಬಿಟ್ಟ. “ಮುಂದಿನ ವಾರ ಕಲಿತು ಬಾ” ಎಂದು ಕಳಿಸಿದರು. ನಿಜವಾಗಿಯೂ ಕಲಿತು ಬಂದ! ಕಾರ್ಡು ಕೈಗೆ ಬಂದಾಗ ಅವನ ಮುಖ ನೋಡಬೇಕಿತ್ತು, ಬಡ್ತಿ ಸಿಕ್ಕಿದ ದಿನವೂ ಅಷ್ಟು ಅರಳಿರಲಿಕ್ಕಿಲ್ಲ.

ಸುದ್ದಿ ಸಹಕಾರನಗರಕ್ಕೂ ಮುಟ್ಟಿ, ಅಲ್ಲಿಂದ ಒಬ್ಬ ಸಂಗ್ರಾಹಕರು ಬಂದರು. ಬಾಗಲಕೋಟೆ ಕಡೆಯವರು, ಇಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಹಳೇ ಕಾರ್ಡುಗಳ ಹುಚ್ಚು. ಕೈಗೆ ಬಿಳಿ ಗ್ಲೌಸು, ಜೇಬಿನಲ್ಲಿ ಭೂತಗನ್ನಡಿ, ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರುಗಳು. ಆಪರೇಷನ್ನಿಗೆ ಬಂದ ಡಾಕ್ಟರಂತೆ ಕೂತು ಮೊದಲ ಕಾರ್ಡು ತಿರುಗಿಸಿದವರೇ ಚೀರಿದರು.

“ಏನ್ರೀ ಮೇಡಂ ಇದು! ಹಿಂದ ಹೆಸರು ಬರದು ಪೂರಾ ಹಾಳ ಮಾಡೀರಲ್ರಿ!”

“ಹೆಸರಿಲ್ಲದ ಆನ್ಸರ್ ಪೇಪರಿಗೆ ನೀವು ಮಾರ್ಕ್ಸ್ ಕೊಡ್ತೀರೇನ್ರೀ?”

“ಹಂಗಲ್ರೀ. ಕಾರ್ಡು ಹೊಸಾದರಂಗ ಇರಬೇಕು, ಮೂಲಿ ಸವದಿರಬಾರದು. ಅಂದ್ರನ ಅದಕ್ಕ ಬೆಲಿ.”

“ಮೂಲೆ ಸವೆದಿಲ್ಲ ಅಂದ್ರೆ ಯಾವ ಹುಡುಗನೂ ಅದನ್ನ ಜೇಬಲ್ಲಿಟ್ಕೊಂಡು ಓಡಿಲ್ಲ ಅಂತ ಅರ್ಥ. ಯಾರಿಗೂ ಬೇಡವಾದ ಕಾರ್ಡಿಗೆ ಬೆಲೆ ಜಾಸ್ತೀನಾ? ಇದ್ಯಾವ ಊರಿನ ನ್ಯಾಯ!”

ಅವರು ಪೇಟೆಯ ದರ ಹೇಳಿದರೆ ಇವರು ಮಗ್ಗಿಯ ದರ ಹೇಳುವುದು. ಎರಡು ಲೋಟ ಕಾಫಿ ಮುಗಿದರೂ ವಾದ ಮುಗಿಯಲಿಲ್ಲ. ನಾನು ಚಕ್ಕುಲಿ ತಿನ್ನುತ್ತ ಮಜಾ ನೋಡುತ್ತಿದ್ದೆ. ಮೂರನೇ ಡಬ್ಬದ ತಳದಿಂದ ಒಂದು ಕಾರ್ಡು ತೆಗೆದ ಮೇಷ್ಟ್ರು ಭೂತಗನ್ನಡಿ ಹಿಡಿದು ಅದನ್ನು ಎರಡೆರಡು ಸಲ ನೋಡಿದರು. ಯಾರಿಗೂ ಅಷ್ಟಾಗಿ ಗೊತ್ತಿಲ್ಲದ, ನ್ಯೂಜಿಲೆಂಡಿನ ಒಬ್ಬ ಎಡಗೈ ಬೌಲರ್. ನಂಬರು ಮೂವತ್ತೇಳು.

“ಮೇಡಂ, ಈ ನಂಬರು ಸಿಗೂದ ಇಲ್ರಿ. ಕಂಪನಿಯವ್ರು ಬೇಕಂತನ ಕಡಿಮಿ ಹಾಕತಿದ್ರಂತ, ಸೆಟ್ಟು ಪೂರಾ ಆಗದ ಹುಡುಗ್ರು ಗಮ್ ತಗೋತನ ಇರಲಿ ಅಂತ. ಬ್ಯಾರೆ ನೂರು ಕಾರ್ಡು ಕೊಟ್ರೂ ಇದಕ್ಕ ಸಾಟಿ ಅಲ್ರಿ!”

ಹಿಂದೆ ತಿರುಗಿಸಿ ಓದಿದರು: “ಮುನಿರಾಜು, ಏಳನೇ ಬಿ, ಮೋಸ.”

ದೊಡ್ಡಮ್ಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. “ಇದನ್ನ ಕೊಟ್ಟು, ಬದಲಿಗೆ ಹನ್ನೆರಡು ಕಾರ್ಡು ತಗೊಂಡಿದ್ರೆ?” ಎಂದು ಮೆಲ್ಲಗೆ ಕೇಳಿದರು.

“ಹನ್ನೆರಡಕ್ಕ? ಕೊಟ್ಟಾಂವ ಧರ್ಮಾತ್ಮ ಇರಬೇಕ್ರಿ!”

ನಾನು ಅರ್ಧ ತಿಂದ ಚಕ್ಕುಲಿಯನ್ನು ತಟ್ಟೆಗೆ ವಾಪಸ್ ಇಟ್ಟೆ. ಯಾಕೆ ಎಂದು ಕೇಳಬೇಡಿ. ಕೇಳಿದಿರಾ? ಸರಿ, ಹೇಳುತ್ತೇನೆ. ಹನ್ನೆರಡು ಕೊಟ್ಟು ಆ ಒಂದನ್ನು ತೆಗೆದುಕೊಂಡವನು ನಾನೇ! ಚಿಕ್ಕಜಾಲದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಮುನಿರಾಜು ನನ್ನ ಬೆಂಚಿನವನು. ನನ್ನ ಸೆಟ್ಟಿನಲ್ಲಿ ಉಳಿದಿದ್ದದ್ದು ಮೂವತ್ತೇಳು ಒಂದೇ. ನಾನೇ ಗೋಗರೆದೆ, ನನ್ನ ಬಳಿ ಎರಡೆರಡಿದ್ದವುಗಳಲ್ಲಿ ನಾನೇ ಹನ್ನೆರಡು ಎಣಿಸಿ ಕೊಟ್ಟೆ. ಸಂಜೆ ಬೀದಿಯ ಹುಡುಗರು “ಹೆಸರಿಲ್ಲದ ಬೌಲರಿಗೆ ಹನ್ನೆರಡಾ? ಟೋಪಿ ಹಾಕಿಸ್ಕೊಂಡೆಯಲ್ಲೋ ಮಗಾ!” ಎಂದು ನಕ್ಕರು. ಮಾರನೇ ದಿನ ಅತ್ತುಕೊಂಡು ಹೋಗಿ ಮಿಸ್ಸಿಗೆ ದೂರು ಕೊಟ್ಟೆ. ನಾನೇ ಕೇಳಿ ಪಡೆದದ್ದು ಎಂಬ ಮಾತನ್ನು ಮಾತ್ರ ನುಂಗಿಕೊಂಡೆ.

ದೊಡ್ಡಮ್ಮ ತೀರ್ಪು ಕೊಟ್ಟರು. “ಒಂದು ಹನ್ನೆರಡಕ್ಕೆ ಸಮ ಅಂತ ಯಾವ ಪುಸ್ತಕದಲ್ಲಿದೆ?” ಹನ್ನೆರಡೂ ನನಗೆ ವಾಪಸ್ ಬಂದವು. ಅವನ ಒಂದು ಕಾರ್ಡು ಜಪ್ತಿಯಾಯಿತು. ಅವನು ಇಡೀ ಪೀರಿಯಡ್ ಹೊರಗೆ ನಿಂತ. ಆವತ್ತಿನಿಂದ ಎಲ್ಲರ ಬಾಯಲ್ಲಿ ಅವನು ಮೋಸರಾಜು. ಏಳನೇ ಕ್ಲಾಸು ಮುಗಿದ ಮೇಲೆ ಅವನು ನಮ್ಮ ಸ್ಕೂಲಿಗೆ ಬರಲೇ ಇಲ್ಲ.

ಮೇಷ್ಟ್ರು ದೊಡ್ಡ ಮೊತ್ತವನ್ನೇ ಹೇಳಿದರು. ದೊಡ್ಡಮ್ಮ ಕಾರ್ಡನ್ನು ಅವರ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಒರೆಸಿದರು. “ಇದು ಮಾರೋದಲ್ಲ” ಎಂದರು, ಅಷ್ಟೇ. ಆಮೇಲೆ ಮೂರು ವಾರ ಗೇಟಿಗೆ ಬಂದ ಯಾರಿಗೂ ಡಬ್ಬ ತೆಗೆಯಲಿಲ್ಲ. ಸುಡೋಕು ಹಾಗೇ ಬಿದ್ದಿತ್ತು, ಊಟವೂ ಅಷ್ಟಕ್ಕಷ್ಟೇ. ಸೆಟ್ಟು ಪೂರ್ತಿ ಮಾಡಲು ನಾನೇ ಗೋಗರೆದದ್ದು ಎಂದು ಒಪ್ಪಿಕೊಂಡು ಸಮಾಧಾನ ಹೇಳಲು ಹೋದರೆ ಬೈಸಿಕೊಂಡೆ.

“ಎಷ್ಟೋ ಸಾವಿರ ಲೆಕ್ಕ ಬಿಡಿಸಿದೀನಿ ಕಣೋ. ಈ ಒಂದನ್ನ ಪ್ರಶ್ನೇನೇ ಪೂರ್ತಿ ಓದದೆ ಬಿಡಿಸಿಬಿಟ್ಟೆ. ಆ ಹುಡುಗನ ಹೆಸರನ್ನ ಅವನಿಗೆ ವಾಪಸ್ ಕೊಡ್ಬೇಕು. ಎಲ್ಲಿದ್ದಾನೆ ಹುಡುಕು.”

ಹುಡುಕುವುದೇನೂ ಕಷ್ಟವಾಗಲಿಲ್ಲ. ಚಿಕ್ಕಜಾಲದ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಅವನದೊಂದು ನರ್ಸರಿ ಇದೆ, ಹೂವಿನ ಗಿಡ ಮಾರುತ್ತಾನೆ ಎಂದು ಗ್ರೂಪಿನಲ್ಲೇ ಯಾರೋ ಹೇಳಿದರು. ಏರ್‌ಪೋರ್ಟಿಗೆ ಹೋಗುವಾಗೆಲ್ಲ ನಾನು ಅದರ ಮುಂದೆಯೇ ಹೋಗುತ್ತಿದ್ದೆ!

ಭಾನುವಾರ ಕಾರಿನಲ್ಲಿ ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ಪೈಪು ಹಿಡಿದು ನೀರು ಹಾಕುತ್ತಿದ್ದ ನರೆತ ತಲೆಯ ಮನುಷ್ಯ ತಿರುಗಿ ನೋಡಿದವನೇ ಪೈಪು ಬಿಸಾಕಿದ.

“ಮಿಸ್! ಅದ್ಯಾಕ್ ಮಿಸ್ ಈ ಬಿಸ್ಲಲ್ಲಿ ಬಂದ್ರಿ? ಏಳ್ ಕಳ್ಸಿದ್ರೆ ನಾನೇ ಬರ್ತಿರ್ಲಿಲ್ವಾ?” ಕುರ್ಚಿ ಒರೆಸಿ ಕೊಟ್ಟ. ನನ್ನ ಬೆನ್ನಿಗೆ ಗುದ್ದಿ “ಎಂಗಿದೀಯೋ? ವಟ್ಟೆ ಬಂದ್ಬುಟ್ಟೈತೆ!” ಎಂದ.

ದೊಡ್ಡಮ್ಮ ಕೂರಲಿಲ್ಲ. ವ್ಯಾನಿಟಿ ಬ್ಯಾಗಿನಿಂದ ಅಂಟಿಸಿದ ಕಂದು ಕವರೊಂದನ್ನು ತೆಗೆದರು. “ನಿನ್ನದೊಂದು ವಸ್ತು ನನ್ನ ಹತ್ರ ಉಳಿದುಬಿಟ್ಟಿತ್ತಪ್ಪ.”

ಅವನು ಕವರನ್ನೇ ನೋಡಿದ. “ಮೂವತ್ತೇಳಾ ಮಿಸ್?”

“ಹೌದು. ಅವತ್ತು ನೀನು ಮೋಸ ಮಾಡಿರ್ಲಿಲ್ಲ. ಅದರ ಬೆಲೆ ನನಗೆ ಗೊತ್ತಿರ್ಲಿಲ್ಲ, ಕೇಳ್ಲೂ ಇಲ್ಲ. ತಪ್ಪು ನನ್ನದು. ಅದನ್ನ ಹೇಳೋಕೇ ಬಂದೆ.”

ಕ್ಲಾಸಿನಲ್ಲಿ ಗುಡುಗುತ್ತಿದ್ದ ಆ ದನಿ ಆಗ ನಡುಗುತ್ತಿತ್ತು. ಮುನಿರಾಜು ಬಗ್ಗಿ, ಬಿಸಾಕಿದ್ದ ಪೈಪನ್ನು ಗುಲಾಬಿ ಕುಂಡಗಳ ಕಡೆಗೆ ತಿರುಗಿಸಿಟ್ಟ. ಆಮೇಲೆ ಜೋರಾಗಿ ನಕ್ಕುಬಿಟ್ಟ.

“ಅಯ್ಯೋ ಬುಡಿ ಮಿಸ್! ನೀವ್ ಮಾಡಿದ್ದೇ ಸರಿ. ಆವಯ್ಯ ಯಾರು, ಆ ನಂಬರ್ ಏನು, ನಂಗೇನ್ ಗೊತ್ತಿತ್ತು? ಯಾವನೋ ಬ್ಯಾಡ ಅಂತ ಬಿಸಾಕಿದ್ದ. ಇವ್ನು ಪೆದ್ದ ಸಿಕ್ದ, ತಳ್ಳಿದೆ. ಮೋಸಾನೇ ಮಾಡಿದ್ದು ಮಿಸ್ ನಾನು. ಅದುಕ್ಕೋಗಿ ನೀವ್ ಇಂಗೆಲ್ಲ ಅಂತೀರಲ್ಲ!”

“ನಿಜವಾಗ್ಲೂ?”

“ನಿಮ್ಮತ್ರ ಸುಳ್ಳು ಏಳ್ತೀನಾ ಮಿಸ್?”

ನನಗಂತೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. “ನೋಡಿದ್ರಾ ದೊಡ್ಡಮ್ಮ!” ಎಂದು ನಾನೂ ನಕ್ಕೆ. ಅವನು ಕವರನ್ನು ಬಿಚ್ಚದೆ ಅಂಗಿಯ ಜೇಬಿಗೆ ಹಾಕಿಕೊಂಡ. ಎಳನೀರು ತರಿಸಿದ. ಹೊರಡುವಾಗ ಮೊಗ್ಗು ತುಂಬಿದ ಒಂದು ದಾಸವಾಳದ ಗಿಡ ತಂದು ದೊಡ್ಡಮ್ಮನ ಕೈಗಿಟ್ಟ. ದುಡ್ಡಿನ ಮಾತೆತ್ತಿದರೆ “ಮಿಸ್ಸತ್ರ ಕಾಸ್ ಇಸ್ಕೊಂತೀನಾ?” ಎಂದ. ಜನ್ಮದಲ್ಲಿ ಯಾರ ಹತ್ತಿರವೂ ಒಂದು ನಿಂಬೆಹಣ್ಣನ್ನು ಕೂಡ ಕಡಿಮೆಗೆ ತೆಗೆದುಕೊಳ್ಳದ ಹೆಂಗಸು ಅದನ್ನು ಪುಕ್ಕಟೆ ತೆಗೆದುಕೊಂಡರು.

ವಾಪಸ್ ಬರುತ್ತ ನನ್ನ ಉತ್ಸಾಹ ಹೇಳತೀರದು. “ಮೂರು ವಾರ ಸುಮ್ಮನೆ ಊಟ ಬಿಟ್ರಿ. ಅವನೇ ಒಪ್ಕೊಂಡ್ನಲ್ಲ! ನಿಮ್ಮ ತೀರ್ಪು ಕರೆಕ್ಟಾಗೇ ಇತ್ತು.”

ದೊಡ್ಡಮ್ಮ ತೊಡೆಯ ಮೇಲಿನ ಕುಂಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

“ಹುಡುಗ ಸುಳ್ಳು ಹೇಳ್ದ ಕಣೋ.”

“ಯಾಕೆ ಹಾಗಂತೀರಿ?”

“ನಂಬರ್ ಏನೂ ಗೊತ್ತಿರ್ಲಿಲ್ಲ ಅಂದೋನು ಕವರ್ ಬಿಚ್ಚೋ ಮೊದ್ಲೇ ಅದನ್ನ ಹೇಳಿದ್ನಲ್ಲ. ಇಷ್ಟು ವರ್ಷ ಆದ್ಮೇಲೂ ನೆನಪಿಟ್ಕೊಂಡಿರೋನಿಗೆ ಅವತ್ತು ಅದರ ಬೆಲೆ ಗೊತ್ತಿರ್ಲಿಲ್ವಾ? ಗೊತ್ತಿದ್ದೇ ಕೊಟ್ಟಿದ್ದು. ನಿನ್ನ ಸೆಟ್ಟು ಪೂರ್ತಿ ಆಗ್ಲಿ ಅಂತ ಕೊಟ್ಟಿದ್ದು.”

“ಮತ್ತೆ ನೀವು ಅವನಿಗೆ ಅಲ್ಲೇ ಯಾಕೆ ಹೇಳ್ಲಿಲ್ಲ?” ಎಂದೆ.

“ಈ ಮುದುಕಿ ನೆಮ್ಮದಿಯಾಗಿರ್ಲಿ ಅಂತ, ತನ್ನ ಹೆಸರನ್ನ ತಾನೇ ಇನ್ನೊಂದ್ಸಲ ಕೆಡಿಸ್ಕೊಂಡ. ಅದಕ್ಕೂ ತಪ್ಪು ಅಂತ ಗುರುತು ಹಾಕ್ಲಾ?” ಎಂದವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ನನ್ನ ಬೆಂಚಿನಲ್ಲಿ ಕೂತವನನ್ನು ಮೋಸಗಾರ ಮಾಡಿದ್ದು ನಾನು. ಇವತ್ತು ಅವನೆದುರಿಗೆ ನಿಂತು ಹಲ್ಲುಕಿಸಿದು ಅವನ ಎಳನೀರು ಕುಡಿದು ಬಂದವನೂ ನಾನೇ. ಮುಂದಿನ ಯೂ ಟರ್ನಿನಲ್ಲಿ ಕಾರು ತಿರುಗಿಸಿದೆ.

“ಎಲ್ಲಿಗೋ?”

“ನೀವು ಮಾತ್ರ ಕ್ಷಮೆ ಕೇಳಿದ್ರಿ ದೊಡ್ಡಮ್ಮ. ನಾನಿನ್ನೂ ಕೇಳಿಲ್ಲ.”

ದೊಡ್ಡಮ್ಮ ಗೇರ್ ಮೇಲಿದ್ದ ನನ್ನ ಕೈಯನ್ನು ಒಮ್ಮೆ ಮುಟ್ಟಿ, ಮತ್ತೆ ಕುಂಡ ಹಿಡಿದುಕೊಂಡು ಕೂತರು.