ಹದಿನೈದು ಹೆಜ್ಜೆ ಆಚೆಗಿನ ಸ್ವಂತ ಮನೆ ಕಾಣದ ಜೇನುಹುಳುಗಳ ಘನ ಆಡಳಿತಕ್ಕೆ

ಅಕ್ಕನ ಮನೆಯ ಹಿತ್ತಲಿನ ಪೆಟ್ಟಿಗೆಯಲ್ಲಿ ವಾಸವಾಗಿರುವ ಮಹಾರಾಣಿಯವರಿಗೂ ಅವರ ಅಪಾರ ಸಿಬ್ಬಂದಿಗೂ, ತಾತ್ಕಾಲಿಕ ಉಸ್ತುವಾರಿಯು ಊದಿಕೊಂಡ ಎಡಗಣ್ಣು ಅನುಮತಿಸಿದಷ್ಟು ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೆಲ್ಲರೂ ಕ್ಷೇಮವೆಂಬುದು ಪೆಟ್ಟಿಗೆಯೊಳಗಿನ ಗುಂಯ್ ಸದ್ದಿನಿಂದಲೇ ತಿಳಿಯಿತು. ಮುಚ್ಚಳ ತೆಗೆದು ವಿಚಾರಿಸುವ ಧೈರ್ಯ ಸದ್ಯಕ್ಕಿಲ್ಲ. ತಮ್ಮ ಕಾವಲುಗಾರ್ತಿಯರು ಈಗಾಗಲೇ ಏಳು ಕಡೆ ಮುದ್ರೆಯೊತ್ತಿ ನನ್ನನ್ನು ಗುರುತಿಟ್ಟುಕೊಂಡಿದ್ದರೂ ಕ್ರಮಪ್ರಕಾರ ಪರಿಚಯ ಹೇಳಿಬಿಡುತ್ತೇನೆ. ತಮ್ಮನ್ನು ಹನ್ನೊಂದು ವರ್ಷಗಳಿಂದ ಸಾಕಿಕೊಂಡು ಬಂದಿರುವ ದರ್ಜಿಯಮ್ಮನ ಒಬ್ಬನೇ ತಮ್ಮ ನಾನು; ಅಂಚೆ ಕಚೇರಿಯಲ್ಲಿ ವಿಳಾಸ ತಪ್ಪಿದ ಪತ್ರಗಳ ಮೇಜಿನ ಮುಂದೆ ಇಪ್ಪತ್ತಾರು ವರ್ಷ ಕೂತು ನಿವೃತ್ತನಾದವನು. ಅಕ್ಕ ಮಂಡಿಯ ಶಸ್ತ್ರಚಿಕಿತ್ಸೆಗೆ ಹೊರಟ ದಿನ ತಮ್ಮನ್ನು ನನಗೊಪ್ಪಿಸಿ, "ನೀರಿನ ತಟ್ಟೆ ತುಂಬ್ಸು, ಇರುವೆ ಹತ್ತದ ಹಾಗೆ ನೋಡ್ಕೋ. ಬೇರೆ ಏನೂ ಮಾಡ್ಬೇಡ ಕಣೋ, ನಿನ್ನ ದಮ್ಮಯ್ಯ" ಎಂದಿದ್ದಳು.

ಏನೂ ಮಾಡದೆ ಕೂರುವುದು ನನ್ನ ಜಾಯಮಾನವಲ್ಲ. ಅಕ್ಕನ ಮನೆಗೆ ಹನ್ನೊಂದು ಮೆಟ್ಟಿಲು. ಏಳು ಮನೆ ಆಚೆಗಿರುವ ನನ್ನ ಮನೆಗೆ ಒಂದೂ ಇಲ್ಲ. ಹೊಸ ಮಂಡಿ ಹೊತ್ತವಳು ಅಷ್ಟು ಹತ್ತಿಳಿಯುವುದೆಂದರೇನು ಎಂದು ಯೋಚಿಸಿ, ಅವಳು ಆಸ್ಪತ್ರೆ ಸೇರಿದ ಮೂರನೇ ದಿನವೇ ಅವಳ ಮಂಚವನ್ನೂ ಹೊಲಿಗೆ ಯಂತ್ರವನ್ನೂ ನನ್ನ ಮನೆಯ ಮುಂಗೋಣೆಗೆ ಸಾಗಿಸಿಬಿಟ್ಟೆ. ಅವಳು ಇನ್ನುಮುಂದೆ ನಮ್ಮಲ್ಲೇ ಇರತಕ್ಕದ್ದೆಂದು ಮನೆಯಲ್ಲಿ ಎಲ್ಲರೂ ಕೂತು ತೀರ್ಮಾನಿಸಿದೆವು. ಅವಳಿಗೊಂದು ಮಾತು ತಿಳಿಸುವುದಷ್ಟೇ ಬಾಕಿಯಿತ್ತು.

ಅದೇ ಹುಮ್ಮಸ್ಸಿನಲ್ಲಿ ತಮ್ಮ ಕಡೆ ಕಣ್ಣು ಹಾಯಿಸಿದೆ. ತಮ್ಮ ಪೆಟ್ಟಿಗೆ ಬಟ್ಟೆ ಒಣಹಾಕುವ ತಂತಿಯ ಪಕ್ಕದ ಚಪ್ಪಡಿಯ ಮೇಲೆ ಸುಡುಬಿಸಿಲಿನಲ್ಲಿ ಕೂತಿತ್ತು. ತಮ್ಮವರು ಹಾರುತ್ತ ಹಾರುತ್ತಲೇ ಉಸ್ತುವಾರಿಗೆ ಬಂದಾಗ ನಾನು ಆ ತಂತಿಗೇ ಒಣಹಾಕಿದ್ದ ನನ್ನ ಬಿಳಿ ಅಂಗಿಗಳ ಮೇಲೆ ಇಳಿಸಿಹೋದ ಹಳದಿ ಚುಕ್ಕೆಗಳನ್ನು ನಾನು ಮನಸ್ಸಿಗೆ ಹಚ್ಚಿಕೊಂಡವನೇ ಅಲ್ಲ. ತಮ್ಮ ಒಳ್ಳೆಯದಕ್ಕೇ, ಕೇವಲ ತಮ್ಮ ಒಳ್ಳೆಯದಕ್ಕೇ, ಕಳೆದ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಪೆಟ್ಟಿಗೆಯನ್ನು ಅವುಚಿಕೊಂಡು ಹದಿನೈದು ಹೆಜ್ಜೆ ಆಚೆ ಗೋಡೆಯ ನೆರಳಿಗೆ ಒಯ್ದಿಟ್ಟೆ. ಹೊರಗೆ ಕೆಲಸಕ್ಕೆ ಹೋಗಿದ್ದ ಸಿಬ್ಬಂದಿ ಪರದಾಡಬಾರದೆಂದು ಹಳೆಯ ಚಪ್ಪಡಿಯ ಮೇಲೆ 'ವಿಳಾಸ ಬದಲಾಗಿದೆ' ಎಂದು ದುಂಡಗೆ ಬರೆದು, ಬಾಣದ ಗುರುತು ಹಾಕಿ, ಒಂದು ರಟ್ಟನ್ನೂ ನಿಲ್ಲಿಸಿದೆ.

ಮೂರು ಗಂಟೆಗೆ ಬಂದು ನೋಡುತ್ತೇನೆ, ಖಾಲಿ ಚಪ್ಪಡಿಯ ಮೇಲೆ ಸಾವಿರಾರು ಮಂದಿ ಕಾಲಿಗೆ ಪರಾಗದ ಗಂಟು ಕಟ್ಟಿಕೊಂಡು ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ! ಹಲವರು ನನ್ನ ಬಾಣದ ಮೇಲೆಯೇ ಕೂತು ಎದುರು ದಿಕ್ಕಿಗೆ ನೋಡುತ್ತಿದ್ದಾರೆ. ಸೂರ್ಯನನ್ನು ನೋಡಿ ದಿಕ್ಕು ಹಿಡಿಯುವ, ಮೈಲಿ ದೂರದ ಹೂವಿನ ಸುದ್ದಿಯನ್ನು ಕುಣಿದು ತಿಳಿಸುವ ಇಂಥ ಮೇಧಾವಿಗಳಿಗೆ ಹದಿನೈದು ಹೆಜ್ಜೆ ಆಚೆಗಿನ ಸ್ವಂತ ಮನೆ ಕಾಣಿಸದೆ ಹೋದ ಸಾಧನೆಗೆ ನಾನು ತಲೆದೂಗಲೇಬೇಕು. ಪೊರಕೆಯಿಂದ ಮೆತ್ತಗೆ ಗುಡಿಸಿ ಹೊಸ ಬಾಗಿಲಿಗೆ ಬಟವಾಡೆ ಮಾಡಿದೆ. ಅವರು ನನ್ನ ಎಡಗಣ್ಣಿಗೆ ಸಹಿ ಹಾಕಿ, ಹಾರಿ, ಹಳೆಯ ಚಪ್ಪಡಿಗೇ ವಾಪಸಾದರು.

ಬೇರೆ ದಾರಿ ಕಾಣದೆ ಅಕ್ಕನಿಗೆ ಫೋನು ಮಾಡಿದೆ. "ಮೊದ್ಲು ಎಲ್ಲಿತ್ತೋ ಅಲ್ಲೇ ಇಡು. ಸಂಜೆ ತಂಪು ಹತ್ತಿದ್ರೆ ಕಲ್ಲಿನ ಮೇಲಿರೋವೆಲ್ಲ ಸತ್ತುಹೋಗ್ತವೆ" ಎಂದಳು. ಬಿಸಿಲಿತ್ತಲ್ಲ, ನೆರಳಿಗೆ ಅಂತ ಇಟ್ಟೆ ಎಂದೆ. "ನೆರಳು ಬೇಕು ಅಂತ ಅವು ನಿನ್ನ ಕೇಳಿದ್ವಾ?" ಎಂದು ಫೋನು ಇಟ್ಟಳು.

ಮಾನ್ಯರೇ, ಪೆಟ್ಟಿಗೆ ಮರಳಿ ಚಪ್ಪಡಿಗೆ ಬಂದ ಅರ್ಧ ಗಂಟೆಯಲ್ಲಿ ತಮ್ಮವರೆಲ್ಲ ಒಳಗೆ ಸೇರಿಕೊಂಡರು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮಾರನೆಯ ದಿನ ಕೈಗಾಡಿಯವನನ್ನು ಕರೆಸಿ ಅಕ್ಕನ ಮಂಚವನ್ನೂ ಯಂತ್ರವನ್ನೂ ಅವಳ ಮನೆಗೇ ಹೊರಿಸಿದೆ. ಮೆಟ್ಟಿಲ ಪಕ್ಕ ಹಿಡಿದು ಹತ್ತಲು ಕಂಬಿ ಹಾಕಿಸಲೇ ಎಂದು ಫೋನಿನಲ್ಲಿ ಅಕ್ಕನನ್ನು ಕೇಳಿದೆ. ಏನಾದರೂ ಮಾಡುವ ಮೊದಲು ಅವಳನ್ನು ಕೇಳಿದ್ದು ನನ್ನ ಅರವತ್ತೊಂದು ವರ್ಷಗಳಲ್ಲಿ ಇದೇ ಮೊದಲು. "ಎಡಗಡೆಗೆ ಹಾಕ್ಸು" ಎಂದಳು.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಅಲ್ಪ. ಇನ್ನುಮುಂದೆ ಕುಟುಕುವುದಿದ್ದಲ್ಲಿ ಯಾವ ಅಂಗಕ್ಕೆ ಎಂಬುದನ್ನು ಒಂದು ದಿನ ಮುಂಚಿತವಾಗಿ ಲಿಖಿತ ರೂಪದಲ್ಲಿ ತಿಳಿಸಬೇಕು. ಸಿಬ್ಬಂದಿಗೆ ಬಾಣದ ಗುರುತು ಓದುವ ತರಬೇತಿ ಕೊಡಿಸಬೇಕು. ಮತ್ತು ಮಂಚದ ಪ್ರಯಾಣದ ವಿಷಯದಲ್ಲಿ ಅಕ್ಕನ ಮುಂದೆ ತಾವು ಬಾಯಿ ಬಿಡಕೂಡದು.

ಇಂತಿ, ತಮ್ಮ ವಿಶ್ವಾಸಿ,
ಸದ್ಯಕ್ಕೆ ಒಂದೇ ಕಣ್ಣಿನ ಉಸ್ತುವಾರಿ

ತಾಜಾ ಕಲಂ: ಪತ್ರ ಮುಗಿಸುವಷ್ಟರಲ್ಲಿ ಶನಿವಾರವಾಗಿ ಅಕ್ಕ ಬಂದೇಬಿಟ್ಟಳು. ಕಂಬಿ ಹಿಡಿದು ಹನ್ನೊಂದೂ ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟವಳೇ, ನನ್ನ ಕಣ್ಣು ಏನಾಯಿತೆಂದು ಕೇಳುವ ಮೊದಲು, "ಮಂಚ ಒಂದು ಗೇಣು ಈಚೆ ಬಂದಿದೆಯಲ್ಲೋ" ಎಂದಳು. ಕುಟುಕುವ ವಿದ್ಯೆಯನ್ನು ತಾವು ಅವಳಿಗೆ ಕಲಿಸಿದಿರೋ, ಅವಳು ತಮಗೆ ಕಲಿಸಿದಳೋ, ಬಿಡುವಾದಾಗ ದಯವಿಟ್ಟು ತಿಳಿಸುವುದು.