ನಾಲ್ಕು ಚಕ್ರಕ್ಕೆ ಎರಡು ಪೆಟ್ಟಿಗೆ

ಹೋದ ವಾರ ನಡುದಾರಿಯಲ್ಲಿ ಟೈರು ಸಿಡಿದದ್ದೇ ಹುಮೈದನ ಈ ಪಾಡಿಗೆ ಕಾರಣವಾಯಿತು. ಇವತ್ತು ಅತ್ತೆಯನ್ನು ಸೂರ್ ಊರಿನ ಮದುವೆಗೆ ಕರೆದೊಯ್ಯಬೇಕು. ಹೆಂಡತಿ ಜುವೈನಾ ಬೆಳಿಗ್ಗೆಯೇ ಖಡಾಖಂಡಿತ ಹೇಳಿದಳು: "ಟೈರಿನ ಗಾಳಿ ತೋರಿಸೋ ಯಂತ್ರ ಹಾಕಿಸದೆ ನಮ್ಮಮ್ಮನ್ನ ಕಾರು ಹತ್ತಿಸ್ಬೇಡಿ!"

ಮಸ್ಕತ್ತಿನ ಕಾರು ಸಾಮಾನಿನ ಅಂಗಡಿಗೆ ಇಬ್ಬರು ನೆರೆಯವರು ಕರೆಯದೆಯೇ ಜೊತೆಗೆ ಬಂದರು.

"ಟೈರಿಗೆ ಗಾಳಿ ತುಂಬೋ ಮೂತಿಗೆ ಹೊರಗಿಂದ ಮುಚ್ಚಳದ ಹಾಗೆ ಹಾಕ್ತಾರಲ್ಲ, ಅದು ತಗೋ ಮಗಾ. ಕೈಯಲ್ಲಿ ತಿರುಗಿಸಿದ್ರೆ ಆಯ್ತು" ಎಂದರು ಮುದುಕ ಘಾಬಿಶ್.

"ಕಳ್ಳನಿಗೂ ಕೈ ಇದೆಯಲ್ಲ! ಟೈರಿನ ಒಳಗೆ ಕೂರಿಸೋದೇ ಗಟ್ಟಿ" ಎಂದ ಮೀನು ವ್ಯಾಪಾರಿ ಮರ್ಹೂನ್.

"ಅದು ಕೆಟ್ರೆ ಟೈರೇ ಬಿಚ್ಬೇಕು, ಗೊತ್ತೇನೋ?"

"ನೀವು ಒಂಟೆ ಬಿಟ್ಟು ಇನ್ನೇನು ಓಡಿಸಿದ್ದೀರಿ, ಚಿಕ್ಕಪ್ಪಾ?"

ಮಾತು ಕೈಕೈ ಮಿಲಾಯಿಸುವ ಹಂತಕ್ಕೆ ಬಂತು. ದಿನಾ ಇಬ್ಬರ ಮುಖವನ್ನೂ ನೋಡಬೇಕಾದ ಹುಮೈದ ಎರಡನ್ನೂ ಹಾಕಿಸಿಕೊಂಡ. ಅಂಗಡಿಯವನು ಸಂತೋಷದಿಂದ ಗಾಳಿಯ ಲೆಕ್ಕ ತೋರಿಸುವ ಎರಡು ಪುಟ್ಟ ಪರದೆಗಳನ್ನು ಸ್ಟೀರಿಂಗಿನ ಹಿಂದೆ, ಅವನ ಕಣ್ಣೆದುರಿಗೇ ಅಂಟಿಸಿಕೊಟ್ಟ.

ಅತ್ತೆಯನ್ನು ಹತ್ತಿಸಿಕೊಂಡು ಊರು ದಾಟಿದ್ದೇ ತಡ, ಎಡಗಡೆಯ ಪರದೆ 'ಗಾಳಿ ಕಮ್ಮಿ' ಎಂದು ಕಿರುಚಿತು. ಹುಮೈದ ಇಳಿದು, ಡಿಕ್ಕಿಯಲ್ಲಿದ್ದ ಪಂಪಿನಿಂದ ಗಾಳಿ ತುಂಬಿದ. ಈಗ ಬಲಗಡೆಯ ಪರದೆ 'ಗಾಳಿ ಹೆಚ್ಚು' ಎಂದು ಅರಚಿತು. ಇಳಿದು ಗಾಳಿ ಬಿಟ್ಟ. ಮತ್ತೆ ಎಡಗಡೆಯದು. ಬಿಸಿಲಿಗೆ ಅವನ ಬಿಳಿ ಅಂಗಿ ಒಗೆಯದ ಒರೆಸುಬಟ್ಟೆಯಂತಾಯಿತು.

"ಇವೆರಡೂ ಸವತಿಯರೇನೋ?" ಹಿಂದಿನ ಸೀಟಿನಿಂದ ಅತ್ತೆ ಕೇಳಿದರು. "ಅಲ್ಲಿ ಮದುಮಗಳಿಗೆ ಮೆಹಂದಿ ಒಣಗಿ ಉದುರ್ತಿರುತ್ತೆ!"

ದಾರಿಯಲ್ಲಿ ಸಿಕ್ಕ ಖುರಿಯಾತ್ ಊರಿನ ಪೆಟ್ರೋಲ್ ಬಂಕಿನಲ್ಲಿ ಹುಮೈದ ಗಾಳಿ ಹಾಕುವವನ ಕೈಕಾಲು ಹಿಡಿಯುವುದೊಂದು ಬಾಕಿ. ಅವನು ತನ್ನ ಮೀಟರು ಹಚ್ಚಿ ನಾಲ್ಕೂ ಚಕ್ರಗಳನ್ನು ಹದಕ್ಕೆ ತಂದ. ಪವಾಡ! ಎರಡು ಪರದೆಗಳೂ ಒಟ್ಟಿಗೇ ಹಸಿರಾದವು.

"ನೋಡಿದ್ರಾ ಅತ್ತೆ?" ಹುಮೈದ ಮೀಸೆ ತಿರುವಿ, ಹಾಡು ಗುನುಗುತ್ತಾ ಕಾರು ಓಡಿಸಿದ. ಒಂದು ಕಡೆ ಬೋಳು ಬೆಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ಕಾರು ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು.

ಹುಮೈದ ಟೈರುಗಳನ್ನು ಒದ್ದು ನೋಡಿದ. ಗಟ್ಟಿಯಾಗಿದ್ದವು. ಒಳಗೆ ಬಂದು ಸಿಟ್ಟಿನಿಂದ ಎಡಗಡೆಯ ಪರದೆಯನ್ನು ಕಿತ್ತ. ಅದರ ಹಿಂದೆ ಪೆಟ್ರೋಲಿನ ಮುಳ್ಳು ತಳದಲ್ಲಿ ಅಂಗಾತ ಮಲಗಿತ್ತು.

"ಬಂಕಿಗೆ ಹೋಗಿ ಬರೀ ಗಾಳಿ ಹಾಕಿಸ್ಕೊಂಡು ಬಂದ್ಯಾ?" ಎಂದರು ಅತ್ತೆ, ಬಹಳ ಮೆಲ್ಲಗೆ.

ಅಷ್ಟರಲ್ಲಿ ಮೇಕೆ ತುಂಬಿದ ಹಳೇ ಪಿಕಪ್ಪೊಂದು ಬಂತು. ಅದರ ಟೈರುಗಳು ಮೊಟ್ಟೆಯಷ್ಟು ನುಣುಪು. ಅತ್ತೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಉಡುಗೊರೆಯ ಗಂಟಿನೊಂದಿಗೆ ಮುಂದೆ ಹತ್ತಿ ಕೂತರು.

"ಅತ್ತೆ, ನಾನು?"

"ಜಾಗ ಇಲ್ಲಪ್ಪ. ನೀನಿಲ್ಲೇ ಗಾಳಿ ನೋಡ್ಕೊಂಡಿರು!"